ಕಳೆದುಕೊಳ್ಳಲಾಗದ ಹಡಗು

ವಿಮಾನವಾಹಕ ನೌಕೆಗಳ ಬಗ್ಗೆ ಕನ್ನಡದ ಪತ್ರಿಕೆಗಳಲ್ಲಿ ಬಂದಿರುವ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅವುಗಳಲ್ಲಿ ಅಳತೆ ಇದೆ, ಯುದ್ಧ ಇಲ್ಲ. 262 ಮೀಟರ್ ಉದ್ದ, ಸುಮಾರು 45 ಸಾವಿರ ಟನ್ ತೂಕ, 1,600 ಸಿಬ್ಬಂದಿ, ಎರಡು ಫುಟ್‌ಬಾಲ್ ಮೈದಾನದಷ್ಟು ಡೆಕ್ಕು, ಒಳಗೆ ಆಸ್ಪತ್ರೆ, ಅಡುಗೆಮನೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ನೌಕಾಪಡೆಗೆ ಸೇರಿದಾಗ ಟಿವಿಯವರು ಅದನ್ನು 'ತೇಲುವ ನಗರ' ಎಂದು ದಿನವಿಡೀ ಕರೆದರು. ನಗರ ತೇಲುತ್ತದೆ, ಸರಿ. ಅದನ್ನು ಯಾರ ಎದುರಿಗೆ, ಎಷ್ಟು ದೂರದವರೆಗೆ ತೇಲಿಸಿಕೊಂಡು ಹೋಗುತ್ತೀರಿ ಎಂದು ಯಾರೂ ಕೇಳಲಿಲ್ಲ.

ಹಿಂದೂ ಮಹಾಸಾಗರದ ನೌಕಾ ರಾಜಕಾರಣ ನನ್ನ ಪಿಎಚ್‌ಡಿಯ ವಿಷಯ. ಹಾಗಾಗಿ ಹಾಸ್ಟೆಲಿನ ಮೆಸ್ಸಿನಲ್ಲಿ ಮೂರನೆಯ ವಿಮಾನವಾಹಕ ನೌಕೆಯ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಪ್ರಶ್ನೆ ಯಾವಾಗಲೂ ಒಂದೇ: ಕ್ಷಿಪಣಿ ಹೊಡೆದರೆ ಅದು ಮುಳುಗುತ್ತದೆಯೋ ಇಲ್ಲವೋ? ಮುಳುಗುತ್ತದೆ ಎನ್ನುವವರದು ಒಂದು ಗುಂಪು, ಮುಳುಗುವುದಿಲ್ಲ ಎನ್ನುವವರದು ಇನ್ನೊಂದು. ನನ್ನ ಮಟ್ಟಿಗೆ ಈ ಪ್ರಶ್ನೆಯೇ ತಪ್ಪು. ಹಡಗು ಮುಳುಗುವ ಮುಂಚೆಯೇ ಸೋತಿರಬಹುದು ಎಂಬುದು ನನ್ನ ವಾದ. ಕಳೆದುಕೊಳ್ಳಲಾಗದ ಹಡಗನ್ನು ಯಾವ ದೇಶವೂ ನಿಜವಾದ ಅಪಾಯದ ಎದುರಿಗೆ ಕಳಿಸುವುದಿಲ್ಲ. ಕಳಿಸಲಾಗದ ಹಡಗಿಗೆ ಹತ್ತಾರು ಸಾವಿರ ಕೋಟಿ ಸುರಿಯುವುದು, ಅದೂ ಜಲಾಂತರ್ಗಾಮಿಗಳಿಗೆ ಕಾಸಿಲ್ಲದ ಹೊತ್ತಿನಲ್ಲಿ, ರಕ್ಷಣೆಯಲ್ಲ. ಒಡವೆ ಮಾಡಿಸುವುದು.

ಎದುರು ಪಕ್ಷದ ಗಟ್ಟಿ ಮಾತುಗಳನ್ನು ಮೊದಲು ಒಪ್ಪಿಕೊಂಡುಬಿಡೋಣ. ಇವತ್ತಿನವರೆಗೆ ಯುದ್ಧದಲ್ಲಿ ಹಡಗು ನಿರೋಧಕ ಕ್ಷಿಪಣಿಯ ಏಟಿಗೆ ಒಂದೇ ಒಂದು ವಿಮಾನವಾಹಕ ನೌಕೆಯೂ ಮುಳುಗಿಲ್ಲ. 2005ರಲ್ಲಿ ಅಮೆರಿಕದವರು ತಮ್ಮದೇ ಹಳೆಯ ನೌಕೆ 'ಅಮೆರಿಕ'ವನ್ನು ಪರೀಕ್ಷೆಗಾಗಿ ಮುಳುಗಿಸಲು ಹೋಗಿ ಸುಮಾರು ನಾಲ್ಕು ವಾರ ತೆಗೆದುಕೊಂಡರು. ಚೀನಾದ ಡಿಎಫ್-21ಡಿ ಕ್ಷಿಪಣಿ ಸುಮಾರು 1,500 ಕಿಲೋಮೀಟರ್ ಹೋಗುತ್ತದೆ, ಡಿಎಫ್-26 ಅದಕ್ಕಿಂತ ಬಹಳ ದೂರ ಹೋಗುತ್ತದೆ. ಆದರೆ ಕ್ಷಿಪಣಿ ಹೋಗುವುದು ಬೇರೆ, ತಾಗುವುದು ಬೇರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಹಡಗು, ಕ್ಷಿಪಣಿ ಹಾರಿ ಬರುವ ಹತ್ತು ಹನ್ನೆರಡು ನಿಮಿಷದಲ್ಲಿ ಹತ್ತು ಕಿಲೋಮೀಟರ್ ಸರಿದಿರುತ್ತದೆ. ಮೊದಲು ಅದನ್ನು ಹುಡುಕಬೇಕು, ಅದು ತೈಲದ ಹಡಗಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಕಣ್ಣು ತಪ್ಪದಂತೆ ಹಿಂಬಾಲಿಸಬೇಕು, ಆ ಮಾಹಿತಿಯನ್ನು ಕ್ಷಿಪಣಿಗೆ ಮುಟ್ಟಿಸಬೇಕು. ಉಪಗ್ರಹ, ದೂರಗಾಮಿ ರಡಾರ್, ಗಸ್ತು ವಿಮಾನ, ಡ್ರೋನ್ ಎಲ್ಲ ಒಂದು ಸರಪಣಿಯಂತೆ ಕೆಲಸ ಮಾಡಬೇಕು. ಒಂದು ಕೊಂಡಿ ಕಳಚಿದರೂ ಕ್ಷಿಪಣಿ ಬರೀ ನೀರಿಗೆ ಬೀಳುತ್ತದೆ. ಇದೆಲ್ಲ ನಿಜ.

ಆದರೆ ವಿಮಾನವಾಹಕ ನೌಕೆ ನಿಷ್ಪ್ರಯೋಜಕವಾಗಲು ಮುಳುಗಲೇಬೇಕೆಂದಿಲ್ಲ. 1967ರ ಜುಲೈ 29ರಂದು ವಿಯೆಟ್ನಾಂ ಕರಾವಳಿಯಾಚೆ ಇದ್ದ ಅಮೆರಿಕದ 'ಫಾರೆಸ್ಟಲ್' ನೌಕೆಯ ಡೆಕ್ಕಿನ ಮೇಲೆ, ಅದರದೇ ವಿಮಾನದ ಒಂದು ಸಣ್ಣ ರಾಕೆಟ್ ಆಕಸ್ಮಿಕವಾಗಿ ಹಾರಿತು. ಎದುರಿನ ವಿಮಾನದ ಇಂಧನದ ಟ್ಯಾಂಕಿಗೆ ತಾಗಿ ಬೆಂಕಿ ಹತ್ತಿತು, ಬೆಂಕಿಗೆ ಬಾಂಬುಗಳು ಸಿಡಿದವು. 134 ಜನ ಸತ್ತರು. ಶತ್ರುವಿನ ಕೈವಾಡ ಇರಲಿಲ್ಲ. ಹಡಗು ಮುಳುಗಲೂ ಇಲ್ಲ, ಯುದ್ಧಕ್ಕೆ ಉಳಿಯಲೂ ಇಲ್ಲ. ಪೆಟ್ರೋಲು, ಬಾಂಬು, ವಿಮಾನ ಮೂರನ್ನೂ ಒಂದೇ ಅಟ್ಟದ ಮೇಲೆ ಪೇರಿಸಿಟ್ಟ ಮನೆ ಅದು. ಅಂಥ ಮನೆಗೆ ಒಂದು ಕಿಡಿ ಸಾಕು.

ನನ್ನ ಮುಖ್ಯ ಸಾಕ್ಷ್ಯ ಮಾತ್ರ 1982ರ ಫಾಕ್‌ಲ್ಯಾಂಡ್ಸ್ ಯುದ್ಧದ್ದು. ವಿಮಾನವಾಹಕ ನೌಕೆಯ ಭಕ್ತರು ಅದನ್ನು ತಮ್ಮ ಗೆಲುವಿನ ಕತೆಯಾಗಿ ಹೇಳುತ್ತಾರೆ. ಎಂಟು ಸಾವಿರ ಮೈಲಿ ಆಚೆಯ ದ್ವೀಪಗಳನ್ನು ಬ್ರಿಟನ್ ಮರಳಿ ಗೆದ್ದದ್ದು ಹರ್ಮಿಸ್ ಮತ್ತು ಇನ್ವಿನ್ಸಿಬಲ್ ಎಂಬ ಎರಡು ನೌಕೆಗಳಿಂದ ಎಂಬುದು ನಿಜವೇ. ಆದರೆ ಆ ಕತೆಯ ಒಳಗೆ ಹೋಗಿ ನೋಡಿ. ಅರ್ಜೆಂಟೀನಾದ ಬಳಿ ವಿಮಾನದಿಂದ ಹಾರಿಸುವ ಎಕ್ಸೋಸೆಟ್ ಕ್ಷಿಪಣಿಗಳು ಇದ್ದದ್ದು ಐದು. ಐನೂರಲ್ಲ, ಐದು. ಮೇ 4ರಂದು ಎರಡು ಹಾರಿದವು. ಅವುಗಳಲ್ಲಿ ಒಂದು 'ಶೆಫೀಲ್ಡ್'ಗೆ ಬಡಿದು 20 ಜನ ಸತ್ತರು, ಆರು ದಿನದ ನಂತರ ಹಡಗು ಮುಳುಗಿತು. ಮೇ 25ರಂದು ಇನ್ನೆರಡು. ವಿಮಾನವಾಹಕ ನೌಕೆಯ ಗುಂಪಿನತ್ತ ಬಂದ ಅವು ದಾರಿ ತಪ್ಪಿ 'ಅಟ್ಲಾಂಟಿಕ್ ಕನ್ವೇಯರ್' ಎಂಬ ಸರಕು ಹಡಗಿಗೆ ಹೊಡೆದವು. ಅದರೊಳಗಿದ್ದ ಚಿನೂಕ್ ಹೆಲಿಕಾಪ್ಟರುಗಳು ಸುಟ್ಟುಹೋಗಿ, ಬ್ರಿಟಿಷ್ ಸೈನಿಕರು ಬೆನ್ನಿಗೆ ಮೂಟೆ ಕಟ್ಟಿಕೊಂಡು ಕೆಸರಿನಲ್ಲಿ ದ್ವೀಪ ದಾಟಿದರು. ಐದನೆಯದು ಮೇ 30ರಂದು ಗುರಿ ತಪ್ಪಿತು.

ಬ್ರಿಟಿಷ್ ಕಮಾಂಡರ್ ಸ್ಯಾಂಡಿ ವುಡ್‌ವರ್ಡ್ ಈ ಐದು ಕ್ಷಿಪಣಿಗಳಿಗೆ ಹೆದರಿ ಎರಡೂ ನೌಕೆಗಳನ್ನು ದ್ವೀಪಗಳಿಂದ ಬಹಳ ಪೂರ್ವಕ್ಕೆ, ಅರ್ಜೆಂಟೀನಾದ ವಿಮಾನಗಳ ಕೈಗೆ ಎಟುಕದ ಕಡೆ ಇಟ್ಟರು. ಅವರದು ಹೇಡಿತನವಲ್ಲ, ಲೆಕ್ಕಾಚಾರ. ಎರಡರಲ್ಲಿ ಒಂದು ಹೋದರೆ ಯುದ್ಧವೇ ಹೋಯಿತು ಎಂದು ಅವರಿಗೆ ಗೊತ್ತಿತ್ತು. ಆದರೆ ಅದರ ಬೆಲೆ ತೆತ್ತವರು ಯಾರು? ದೂರದಿಂದ ಹಾರಿ ಬರುವ ಸೀ ಹ್ಯಾರಿಯರ್‌ಗಳಿಗೆ ದ್ವೀಪದ ಮೇಲೆ ಕಾವಲು ನಿಲ್ಲಲು ಸಿಗುತ್ತಿದ್ದದ್ದು ಕೆಲವೇ ನಿಮಿಷ. ಆ ಕಾವಲಿನ ಸಂದುಗಳಲ್ಲಿ ಅರ್ಜೆಂಟೀನಾದ ವಿಮಾನಗಳು ನುಗ್ಗಿ 'ಆರ್ಡೆಂಟ್', 'ಆಂಟೆಲೋಪ್', 'ಕವೆಂಟ್ರಿ'ಗಳನ್ನು ಮುಳುಗಿಸಿದವು. ದೊಡ್ಡ ಹಡಗನ್ನು ಉಳಿಸಲು ಸಣ್ಣ ಹಡಗುಗಳು ಸತ್ತವು. ರಾಜನನ್ನು ಕಾಯಲು ಕಾಲಾಳುಗಳನ್ನು ಮುಂದಕ್ಕೆ ತಳ್ಳುವ ಚದುರಂಗವದು. ಆ ಹರ್ಮಿಸ್ 1987ರಲ್ಲಿ ನಮ್ಮ 'ವಿರಾಟ್' ಆಗಿ ಬಂದು 2017ರವರೆಗೆ ನಮ್ಮ ಬಳಿ ಇತ್ತು. ಫಾಕ್‌ಲ್ಯಾಂಡ್ಸ್ ಗೆದ್ದ ಹಡಗು ಎಂದು ಹೆಮ್ಮೆಯಿಂದ ಬರೆದೆವು. ಅದು ಅಲ್ಲಿ ಎಲ್ಲಿ ನಿಂತಿತ್ತು ಎಂದು ಬರೆಯಲಿಲ್ಲ.

ಅದೇ ಯುದ್ಧದಲ್ಲಿ ಅರ್ಜೆಂಟೀನಾದ ಬಳಿಯೂ ಒಂದು ವಿಮಾನವಾಹಕ ನೌಕೆ ಇತ್ತು, 'ವೇಯಿಂತಿಸಿಂಕೊ ದೆ ಮಾಯೊ'. ಮೇ 2ರಂದು 'ಕಾಂಕರರ್' ಎಂಬ ಬ್ರಿಟಿಷ್ ಅಣುಶಕ್ತಿ ಜಲಾಂತರ್ಗಾಮಿ, ಅರ್ಜೆಂಟೀನಾದ ಕ್ರೂಸರ್ 'ಬೆಲ್‌ಗ್ರಾನೊ'ವನ್ನು ಟಾರ್ಪಿಡೊದಿಂದ ಮುಳುಗಿಸಿತು. 323 ಜನ ಸತ್ತರು. ವಿಮಾನವಾಹಕ ನೌಕೆ ತಿರುಗಿ ಬಂದರು ಸೇರಿತು, ಯುದ್ಧ ಮುಗಿಯುವವರೆಗೆ ಮತ್ತೆ ಕಾದಾಟಕ್ಕೆ ಬರಲಿಲ್ಲ. ಅದರ ವಿಮಾನಗಳು ನೆಲದ ಮೇಲಿನ ರನ್‌ವೇಯಿಂದ ಹಾರಿ ಹೋರಾಡಿದವು. ಆ ನೌಕೆಗೆ ಯಾರೂ ಒಂದು ಗುಂಡೂ ಹೊಡೆಯಲಿಲ್ಲ. ನೀರಿನಡಿ ಎಲ್ಲಿದೆಯೋ ಗೊತ್ತಿಲ್ಲದ ಒಂದು ಜಲಾಂತರ್ಗಾಮಿಯ ಭಯವೇ ಅದನ್ನು ಕಟ್ಟಿಹಾಕಿತು.

ಈಗ ನಮ್ಮ 1971ಕ್ಕೆ ಬರೋಣ. ಹಳೆಯ ವಿಕ್ರಾಂತ್‌ನ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ಬಾಂಬು ಹಾಕಿದ್ದನ್ನು ನಾವು ಮರೆಯುವುದಿಲ್ಲ, ಮರೆಯಲೂ ಬಾರದು. ಬಿರುಕು ಬಿಟ್ಟ ಬಾಯ್ಲರ್ ಇಟ್ಟುಕೊಂಡು ಹೋದ ಹಡಗದು. ಅದರ ನಾವಿಕರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದು ಹೋದದ್ದು ಎಲ್ಲಿಗೆ? ಬಂಗಾಳ ಕೊಲ್ಲಿಗೆ, ಶತ್ರುವಿನ ಬಲ ಕಡಿಮೆ ಇದ್ದ ಕಡೆಗೆ. ಕರಾಚಿಯ ಕಡೆಗಲ್ಲ. ಅಲ್ಲಿಯೂ ಅದನ್ನು ಮುಳುಗಿಸಲೆಂದೇ ಪಾಕಿಸ್ತಾನ 'ಘಾಜಿ' ಎಂಬ ಜಲಾಂತರ್ಗಾಮಿಯನ್ನು ಕಳಿಸಿತ್ತು. ನಮ್ಮವರು ವಿಕ್ರಾಂತ್‌ನ್ನು ಅಂಡಮಾನ್ ಕಡೆ ಬಚ್ಚಿಟ್ಟು, 'ರಜಪೂತ್' ಎಂಬ ಹಡಗಿನಿಂದ ಸುಳ್ಳು ರೇಡಿಯೊ ಸಂದೇಶ ಕಳಿಸಿ ಅದು ವಿಶಾಖಪಟ್ಟಣದಲ್ಲಿದೆ ಎಂದು ನಂಬಿಸಿದರು. ಘಾಜಿ ವಿಶಾಖಪಟ್ಟಣದ ಹೊರಗೆ ಸ್ಫೋಟಗೊಂಡು ಮುಳುಗಿತು. ನಮ್ಮ ಹಡಗಿನ ದಾಳಿಯಿಂದಲೋ ಅದರದೇ ಮೈನಿನಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದ್ಭುತ ಉಪಾಯ, ಒಪ್ಪುತ್ತೇನೆ. ಆದರೆ ಗಮನಿಸಿ: ಆ ಉಪಾಯದ ಇಡೀ ಉದ್ದೇಶ ವಿಮಾನವಾಹಕ ನೌಕೆಯನ್ನು ಅಡಗಿಸಿಡುವುದು.

ಕರಾಚಿಗೆ ಹೋದವರು ಯಾರು? ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಎರಡು ಬೆಂಗಾವಲು ಹಡಗುಗಳ ಜೊತೆ. ಒಂದೊಂದೂ ಇನ್ನೂರು ಚಿಲ್ಲರೆ ಟನ್ನಿನ ಸೋವಿಯತ್ ದೋಣಿ. ಬಂದರಿನ ಬಾಯಿ ಕಾಯಲೆಂದು ಕೊಂಡವು. ಅವು ಪಾಕಿಸ್ತಾನದ ಯುದ್ಧನೌಕೆ 'ಖೈಬರ್'ನ್ನು, ಮೈನ್ ತೆಗೆಯುವ ಹಡಗು 'ಮುಹಾಫಿಜ್'ನ್ನು ಮುಳುಗಿಸಿ ಮರಳಿದವು. ಪ್ರತಿವರ್ಷ ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುವುದು ಈ ರಾತ್ರಿಯ ನೆನಪಿಗೆ. ಅಂದರೆ, ಸಣ್ಣ ದೋಣಿಯ ಕ್ಷಿಪಣಿ ದೊಡ್ಡ ಹಡಗನ್ನು ಮುಳುಗಿಸಿದ್ದೇ ನಮ್ಮ ನೌಕಾಪಡೆಯ ಹಬ್ಬ! ಇದರ ನಾಲ್ಕು ವರ್ಷ ಹಿಂದೆ, 1967ರ ಅಕ್ಟೋಬರ್‌ನಲ್ಲಿ, ಈಜಿಪ್ಟಿನ ದೋಣಿಗಳು ಅದೇ ಜಾತಿಯ ಕ್ಷಿಪಣಿಯಿಂದ ಇಸ್ರೇಲಿನ 'ಐಲಾತ್' ಯುದ್ಧನೌಕೆಯನ್ನು ಮುಳುಗಿಸಿದ್ದವು. ಪಾಠ ಕಲಿತು, ಅದನ್ನು ಬೇರೆಯವರಿಗೆ ಕಲಿಸಿದವರು ನಾವು. ಆ ದಾಳಿಯ ಐದು ದಿನಗಳ ನಂತರ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ನಮ್ಮ 'ಖುಕ್ರಿ'ಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಆ ಯುದ್ಧ ನಮಗೆ ಎರಡೂ ಕಡೆಯಿಂದ ಒಂದೇ ಮಾತು ಹೇಳಿತ್ತು.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು 'ಚಪಲ್' ಎಂಬ ಕ್ಷಿಪಣಿ ದೋಣಿಯ ಮ್ಯೂಸಿಯಂ ನೋಡಿರುತ್ತೀರಿ. 1971ರ ನಂತರ ಬಂದ, ಅದೇ ತಳಿಯ ದೋಣಿ. ಮಕ್ಕಳು ಹತ್ತಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕೆ, ಐಎನ್‌ಎಸ್ ಕದಂಬ ನೆಲೆಯಲ್ಲಿ ವಿಕ್ರಮಾದಿತ್ಯ ಲಂಗರು ಹಾಕುತ್ತದೆ. ಹಡಗುಗಳನ್ನು ಮುಳುಗಿಸಿದ ಜಾತಿಯ ದೋಣಿ ಮರಳಿನ ಮೇಲೆ, ಮುಳುಗಬಹುದಾದ ಹಡಗು ನೀರಿನಲ್ಲಿ.

ಈ ಮಾತಿಗೆ ಈಚೆಗೆ ಬರುವ ಮೊದಲ ಉತ್ತರ ಕೆಂಪು ಸಮುದ್ರದ್ದು. 2023ರ ಕೊನೆಯಿಂದ ಯೆಮೆನ್‌ನ ಹೂತಿಗಳು ಕ್ಷಿಪಣಿ, ಡ್ರೋನ್ ಹಾರಿಸಿದರೂ ಅಮೆರಿಕದ ಒಂದು ವಿಮಾನವಾಹಕ ನೌಕೆಗೂ ತಾಗಿಸಲು ಆಗಲಿಲ್ಲವಲ್ಲ? ಹೌದು, ಆಗಲಿಲ್ಲ. ಉಪಗ್ರಹವಿಲ್ಲದ, ಗಸ್ತು ವಿಮಾನವಿಲ್ಲದ ಒಂದು ಬಂಡುಕೋರ ಪಡೆಗೆ ಆಗಲಿಲ್ಲ. ಆದರೆ ನೌಕೆಗಳು ಅಲ್ಲಿಗೆ ಹೋದದ್ದು ವ್ಯಾಪಾರದ ದಾರಿಯನ್ನು ಮತ್ತೆ ತೆರೆಯಲು. ಆ ದಾರಿ ತೆರೆಯಿತೇ? ಸರಕು ಹಡಗುಗಳು ಆಫ್ರಿಕಾದ ತುದಿ ಬಳಸಿಯೇ ಓಡಾಡಿದವು. ಅಗ್ಗದ ಡ್ರೋನ್ ಹೊಡೆಯಲು ಲಕ್ಷಾಂತರ ಡಾಲರಿನ ಕ್ಷಿಪಣಿಗಳನ್ನು ಹಾರಿಸಿದರು. 2024ರ ಡಿಸೆಂಬರ್‌ನಲ್ಲಿ ಬೆಂಗಾವಲಿನ ಹಡಗೊಂದು ಗಾಬರಿಯಲ್ಲಿ ತಮ್ಮದೇ ಯುದ್ಧವಿಮಾನವನ್ನು ಹೊಡೆದುರುಳಿಸಿತು. ಹಡಗು ಉಳಿಯಿತು, ಕೆಲಸ ಆಗಲಿಲ್ಲ. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಕಪ್ಪು ಸಮುದ್ರ. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್ 2022ರ ಏಪ್ರಿಲ್‌ನಲ್ಲಿ ದಡದಿಂದ ಕ್ಷಿಪಣಿ ಹಾರಿಸಿ ರಷ್ಯಾದ 'ಮಾಸ್ಕ್ವಾ'ವನ್ನು ಮುಳುಗಿಸಿತು. ಬೆಂಕಿ ಅನಾಹುತ ಎಂದಿತು ರಷ್ಯಾ. ವಾಯುರಕ್ಷಣೆಯ ಕ್ಷಿಪಣಿಗಳೂ ಇದ್ದ ಕ್ರೂಸರ್ ಅದು.

ಎರಡನೆಯ ಉತ್ತರ ಇನ್ನೂ ಚುರುಕಿನದು. ವಿಮಾನವಾಹಕ ನೌಕೆ ಮುಗಿದ ಕತೆಯಾದರೆ, ಅದನ್ನು ಕೊಲ್ಲುವ ಕ್ಷಿಪಣಿ ಮಾಡಿದ ಚೀನಾವೇ ಅವನ್ನು ಯಾಕೆ ಕಟ್ಟುತ್ತಿದೆ? 2025ರ ನವೆಂಬರ್‌ನಲ್ಲಿ ಅದರ ಮೂರನೆಯ ನೌಕೆ 'ಫುಜಿಯಾನ್' ಸೇವೆಗೆ ಸೇರಿತಲ್ಲ? ಒಳ್ಳೆಯ ಪ್ರಶ್ನೆ, ಉತ್ತರವೂ ಅದರೊಳಗೇ ಇದೆ. ಚೀನಾ ಮೊದಲು ಕ್ಷಿಪಣಿ ಮಾಡಿತು, ಜಲಾಂತರ್ಗಾಮಿ ತುಂಬಿಸಿಕೊಂಡಿತು, ತನ್ನ ಬಾಗಿಲು ಭದ್ರ ಮಾಡಿಕೊಂಡಿತು. ಆಮೇಲೆ, ತನ್ನಂಥ ಕ್ಷಿಪಣಿಗಳಿಲ್ಲದ ದೇಶಗಳ ಎದುರು ಮೆರೆಯಲು ದೊಡ್ಡ ಹಡಗು ಕಟ್ಟುತ್ತಿದೆ. ದುರ್ಬಲರ ಎದುರು ವಿಮಾನವಾಹಕ ನೌಕೆ ಇವತ್ತಿಗೂ ಭಯಂಕರ ಆಯುಧವೇ. ನಾವೂ ಅದಕ್ಕಾಗಿಯೇ ಕಟ್ಟುತ್ತಿದ್ದೇವೆ ಎಂದಾದರೆ ಹಾಗೆಂದು ಬಾಯಿಬಿಟ್ಟು ಹೇಳಲಿ. ಚೀನಾದ ಎದುರಿಗೆ ಎಂದು ಸಂಸತ್ತಿನಲ್ಲಿ ಹೇಳಿ ಹಣ ಕೇಳುವುದು ಬೇಡ.

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ನಾನು ಈ ವಾದ ಮಂಡಿಸಿದಾಗ, ನಿವೃತ್ತ ನೌಕಾ ಅಧಿಕಾರಿಯೊಬ್ಬರು ಚಹಾದ ಹೊತ್ತಿಗೆ ನನ್ನನ್ನು ಹಿಡಿದುಕೊಂಡರು. "ನೋಡಪ್ಪಾ, ನೀನು ನಕಾಶೆ ನೋಡಿ ಮಾತಾಡ್ತೀಯ. ಕಡಲ ನಡುವೆ ಇರೋ ಹಡಗಿಗೆ ವಿಮಾನ ಬೇಕಾಗೋದು ಆ ಕ್ಷಣಕ್ಕೆ. ನೆಲದಿಂದ ವಿಮಾನ ಬರೋ ಹೊತ್ತಿಗೆ ಅಲ್ಲಿ ಹೆಣ ಎತ್ತೋದಷ್ಟೇ ಉಳಿದಿರುತ್ತೆ" ಎಂದರು. ಮಾತಿನಲ್ಲಿ ಸತ್ಯವಿತ್ತು. ನಾನು ಕೇಳಿದೆ, "ಸರ್, ಚೀನಾದ ಜೊತೆ ಯುದ್ಧ ಶುರುವಾದ ದಿನ ನೀವು ವಿಕ್ರಾಂತ್‌ನ್ನು ಎಲ್ಲಿ ಇಡ್ತಿದ್ರಿ?" ಅವರು ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ದೂರ. ಅವರ ಸಬ್‌ಮೆರಿನ್‌ಗಳು ಎಲ್ಲೆಲ್ಲಿವೆ ಅಂತ ಗೊತ್ತಾಗೋವರೆಗೆ ದೂರ" ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

ದೂರ ಇಡುವುದಾದರೆ, ದೂರದಿಂದಲೇ ಹೊಡೆಯಬಲ್ಲ ಬೇರೆ ದಾರಿ ನಮಗಿದೆ. ಭಾರತದ ಭೂಗೋಳ ಬ್ರಿಟನ್ನಿನದಲ್ಲ. ಪರ್ಯಾಯ ದ್ವೀಪವೇ ಕಡಲಿನೊಳಕ್ಕೆ ಚಾಚಿದೆ. ತಂಜಾವೂರಿನಲ್ಲಿ 2020ರಿಂದ ಬ್ರಹ್ಮೋಸ್ ಹೊರುವ ಸುಖೋಯ್-30 ವಿಮಾನಗಳ ಪಡೆ ಇದೆ. ಕಾರ್ ನಿಕೋಬಾರ್‌ನಲ್ಲಿ ವಾಯುಪಡೆಯ ರನ್‌ವೇ ಇದೆ, ಕ್ಯಾಂಪ್‌ಬೆಲ್ ಬೇಯಲ್ಲಿ ಐಎನ್‌ಎಸ್ ಬಾಜ್ ಇದೆ, ಮಿನಿಕಾಯ್‌ನಲ್ಲಿ 2024ರಲ್ಲಿ ಐಎನ್‌ಎಸ್ ಜಟಾಯು ಶುರುವಾಗಿದೆ. ಇವುಗಳ ಮೇಲೂ ಕ್ಷಿಪಣಿ ಬೀಳಬಹುದು. ಆದರೆ ಗುಂಡಿ ಬಿದ್ದ ರನ್‌ವೇಯನ್ನು ಮುಚ್ಚಬಹುದು, ದ್ವೀಪ ಮುಳುಗುವುದಿಲ್ಲ. (ಇದನ್ನು ಗ್ರೇಟ್ ನಿಕೋಬಾರ್‌ನ ಕಾಡು ಕಡಿದು ಬಂದರು, ಪಟ್ಟಣ ಕಟ್ಟುವ ಯೋಜನೆಗೆ ಸಮರ್ಥನೆಯಾಗಿ ಯಾರೂ ಬಳಸಬೇಡಿ. ಇರುವ ರನ್‌ವೇಗೂ ಇಲ್ಲದ ನಗರಕ್ಕೂ ವ್ಯತ್ಯಾಸವಿದೆ.) ಅರಬ್ಬಿ ಸಮುದ್ರದ ಪಶ್ಚಿಮಕ್ಕೋ ಆಫ್ರಿಕಾದ ತೀರಕ್ಕೋ ಇವು ಎಟುಕುವುದಿಲ್ಲ, ನಿಜ. ಆ ಕೆಲಸಕ್ಕೆ ಇರುವ ಎರಡು ನೌಕೆಗಳಿವೆ. ನಾನು ಅವನ್ನು ಗುಜರಿಗೆ ಹಾಕಿ ಎನ್ನುತ್ತಿಲ್ಲ. ಮೂರನೆಯದು ಬೇಡ ಎನ್ನುತ್ತಿದ್ದೇನೆ.

ಯಾಕೆಂದರೆ ನಮ್ಮ ಲೆಕ್ಕದ ಪುಸ್ತಕ ಹೀಗಿದೆ. ವಿಕ್ರಮಾದಿತ್ಯದ ಒಪ್ಪಂದ 2004ರಲ್ಲಿ 97.4 ಕೋಟಿ ಡಾಲರಿಗೆ ಆಯಿತು. 2013ರಲ್ಲಿ ಹಡಗು ಕೈಗೆ ಬರುವ ಹೊತ್ತಿಗೆ ಬೆಲೆ 235 ಕೋಟಿ ಡಾಲರ್. ವಿಕ್ರಾಂತ್‌ಗೆ ಸುಮಾರು 20 ಸಾವಿರ ಕೋಟಿ ರೂಪಾಯಿ. ಆನೆ ಕೊಟ್ಟು ಅಂಕುಶಕ್ಕೆ ಜಗಳ ಎನ್ನುತ್ತಾರಲ್ಲ, ಇಲ್ಲಿ ಅಂಕುಶವೇ ಆನೆಗಿಂತ ದುಬಾರಿ: ಆ ಡೆಕ್ಕಿಗೆ ಬೇಕಾದ ರಫೇಲ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಏಪ್ರಿಲ್‌ನಲ್ಲಿ, 26 ವಿಮಾನಕ್ಕೆ ಸುಮಾರು 63 ಸಾವಿರ ಕೋಟಿ. ಇದರ ಜೊತೆಗೆ ಪ್ರತಿ ನೌಕೆಯನ್ನು ಕಾಯಲು ಡೆಸ್ಟ್ರಾಯರ್, ಫ್ರಿಗೇಟ್, ತೈಲದ ಹಡಗು, ಹೆಲಿಕಾಪ್ಟರ್ ಬೇಕು. ಮೂರನೆಯ ನೌಕೆ ಎಂದರೆ ಒಂದು ಹಡಗಲ್ಲ, ಒಂದು ಮದುವೆ ದಿಬ್ಬಣ.

ಇನ್ನೊಂದು ಪುಟ ತೆರೆಯಿರಿ. 30 ವರ್ಷದಲ್ಲಿ 24 ಜಲಾಂತರ್ಗಾಮಿ ಕಟ್ಟುವ ಯೋಜನೆಗೆ 1999ರಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಲ್ಲಿ 'ವಾಗ್‌ಶೀರ್' ಸೇರುವ ಹೊತ್ತಿಗೆ ಆ ಯೋಜನೆಯಿಂದ ಬಂದದ್ದು ಆರು. ಅವಕ್ಕೆ ಕೊಳ್ಳಬೇಕಿದ್ದ ಹೊಸ ಟಾರ್ಪಿಡೊಗಳ ಖರೀದಿ 2016ರಲ್ಲಿ ರದ್ದಾಗಿತ್ತು. ಮುಂದಿನ ಆರು ಜಲಾಂತರ್ಗಾಮಿಗಳಿಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಒಂದೂ ನೀರಿಗೆ ಇಳಿದಿಲ್ಲ. ಉಳಿದ ಸಾಮಾನ್ಯ ಜಲಾಂತರ್ಗಾಮಿಗಳು ಬಹುಪಾಲು 1980-90ರ ದಶಕದವು. ಪಕ್ಕದಲ್ಲಿ ಪಾಕಿಸ್ತಾನ ಚೀನಾದಿಂದ ಎಂಟು ಹೊಸ ಜಲಾಂತರ್ಗಾಮಿ ಪಡೆಯುತ್ತಿದೆ. ಆ ತಳಿಗೆ ಇಟ್ಟ ಹೆಸರು 'ಹಂಗೋರ್', ನಮ್ಮ ಖುಕ್ರಿಯನ್ನು ಮುಳುಗಿಸಿದ ಜಲಾಂತರ್ಗಾಮಿಯ ಹೆಸರು. ಅವರಿಗೆ 1971ರ ಪಾಠ ನೆನಪಿದೆ.

ಕಾರವಾರದ ನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಅರ್ಗಾ, ಬಿಣಗಾ, ಅಮದಳ್ಳಿ ಕಡೆಯವರು ಗದ್ದೆ ಬಿಟ್ಟರು, ಮೀನುಗಾರರು ದಡ ಬಿಟ್ಟರು. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋದವು. ದೇಶದ ರಕ್ಷಣೆಗೆ ಎಂದು ಹೇಳಿ ಪಡೆದ ಜಾಗವದು. ಆ ಜಾಗದಲ್ಲಿ ಏನು ನಿಲ್ಲಬೇಕು ಎಂದು ಕೇಳುವ ಹಕ್ಕು ಕನ್ನಡಿಗರಿಗೆ ಖಂಡಿತ ಇದೆ. ಕೇಳಿದವರನ್ನು ದೇಶದ್ರೋಹಿ ಎನ್ನುವವರು, 2020ರಲ್ಲಿ ಜಲಾಂತರ್ಗಾಮಿಗಳಿಗೇ ಆದ್ಯತೆ ಎಂದು ಹೇಳಿದವರು ಆಗಿನ ಸೇನಾಪಡೆಗಳ ಮುಖ್ಯಸ್ಥ ಬಿಪಿನ್ ರಾವತ್ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಕೊನೆಗೆ ಒಂದು ಸಣ್ಣ ಸಂಗತಿ. ಬಂದರಿನ ಬಾಯಿಗೆ ಶತ್ರು ಮೈನ್ ಹಾಕಿದರೆ ಅದನ್ನು ತೆಗೆಯುವ ವಿಶೇಷ ಹಡಗುಗಳು ಬೇಕು. ತೆಗೆಯದಿದ್ದರೆ ವಿಮಾನವಾಹಕ ನೌಕೆ ಹೊರಗೇ ಬರಲಾರದು, ಕ್ಷಿಪಣಿಯ ಮಾತು ಆಮೇಲಿನದು. ಭಾರತದ ಅಂಥ ಕೊನೆಯ ಹಡಗು 2019ರಲ್ಲಿ ನಿವೃತ್ತವಾಯಿತು. ದಕ್ಷಿಣ ಕೊರಿಯಾದ ಜೊತೆ 12 ಹಡಗು ಕಟ್ಟುವ ಮಾತುಕತೆ 2018ರಲ್ಲಿ ಮುರಿದುಬಿದ್ದಿತ್ತು. 2025ರ ಜುಲೈನಲ್ಲಿ ಮತ್ತೆ ಮೊದಲ ಹಂತದ ಒಪ್ಪಿಗೆ ಸಿಕ್ಕಿದೆ. ಮೂರನೆಯ ವಿಮಾನವಾಹಕ ನೌಕೆಯ ಕಡತವನ್ನು ಮಂತ್ರಿಗಳ ಮುಂದೆ ಇಡುವವರು ಅದರ ಕೆಳಗೆ ಈ ಕಡತವನ್ನೂ ಇಡಲಿ.